ಓದದೆ ಹಾಕಿದ ಬೀಗ

ನನ್ನ ಕೋಪ ಮೂಗಿನ ತುದಿಯಲ್ಲೇ ಇರುತ್ತದೆ ಎಂಬುದನ್ನು ನಮ್ಮ ಮನೆಯವರು ಮದುವೆಯಾದ ವಾರದಲ್ಲೇ ಕಂಡುಹಿಡಿದರು. ಊರಿನವರಿಗೆ ಗೊತ್ತಾಗಲು ನಾನು ಜೆರಾಕ್ಸ್ ಅಂಗಡಿ ಇಡುವವರೆಗೆ ಕಾಯಬೇಕಾಯಿತು. ನ್ಯಾಮತಿ ತಾಲ್ಲೂಕಾದ ಮೇಲೆ ಇಲ್ಲಿಗೆ ಕಚೇರಿಗಳು ಬಂದವು, ಕಚೇರಿಗಳ ಹಿಂದೆ ಅರ್ಜಿಗಳು ಬಂದವು, ಅರ್ಜಿಗಳ ಹಿಂದೆ ನಾನು ಬಂದೆ. ಬೆಳಗ್ಗೆ ಶಟರ್ ಎತ್ತುವಷ್ಟರಲ್ಲಿ ಮೆಟ್ಟಿಲ ಮೇಲೆ ಏಳೆಂಟು ಜನ ಕೂತಿರುತ್ತಾರೆ. ಎಲ್ಲರಿಗೂ ಅರ್ಜೆಂಟು, ಆದರೆ ಒಬ್ಬರ ಕೈಯಲ್ಲೂ ಪೂರ್ತಿ ಕಾಗದ ಇರುವುದಿಲ್ಲ. ಫೋಟೋ ಎಲ್ಲಿ ಅಂದರೆ ಮನೆಯಲ್ಲಿದೆ, ಸಹಿ ಎಲ್ಲಿ ಅಂದರೆ ಗಂಡ ಹೊಲಕ್ಕೆ ಹೋಗಿದ್ದಾನೆ. ಇಂಥ ಜಾಗದಲ್ಲಿ ಸಮಾಧಾನದ ಹೆಂಗಸು ಕೂತರೆ ವಾರದಲ್ಲಿ ಅಂಗಡಿ ಮುಚ್ಚಬೇಕಾಗುತ್ತದೆ.

ಈ ಕೆಲಸದಿಂದ ನನಗೊಂದು ಅಭ್ಯಾಸ ಬಂದಿದೆ. ನಾನು ಕಾಗದ ಓದುವುದಿಲ್ಲ. ಸಹಿ ಇದೆಯಾ, ಫೋಟೋ ಅಂಟಿಸಿದೆಯಾ, ಆಧಾರ್ ಪ್ರತಿ ಹಿಂದಿದೆಯಾ, ಅಷ್ಟೇ ನೋಡುತ್ತೇನೆ. ಗಂಡ ಹೆಂಡತಿಯ ಜಗಳ, ಅಣ್ಣ ತಮ್ಮಂದಿರ ಪಾಲು, ಯಾರದೋ ಕಾಯಿಲೆಯ ರಿಪೋರ್ಟು, ಎಲ್ಲವೂ ನನ್ನ ಕೈ ಕೆಳಗೆ ಹಾದುಹೋಗುತ್ತವೆ, ಒಂದಕ್ಷರವೂ ತಲೆಗೆ ಹೋಗುವುದಿಲ್ಲ. ಇದನ್ನು ನಾನು ಮರ್ಯಾದೆ ಅಂತಲೇ ತಿಳಿದಿದ್ದೆ. ಬೇರೆಯವರ ಕಾಗದ ಓದಬಾರದು, ಗುರುತು ನೋಡಿ ಕೆಲಸ ಮುಗಿಸಬೇಕು. ಆ ಕೋಪ ಮತ್ತು ಈ ಅಭ್ಯಾಸ ಎರಡೂ ಸೇರಿ, ಸಾಸ್ವೆಹಳ್ಳಿಯ ಒಬ್ಬ ಹೆಂಗಸು ನನ್ನ ಪಕ್ಕದ ಮಳಿಗೆಯಲ್ಲಿ ತೆರೆಯಬೇಕಿದ್ದ ರೊಟ್ಟಿ ಅಂಗಡಿಯನ್ನು ಏನು ಮಾಡಿದವು ಎಂದು ಹೇಳುತ್ತೇನೆ.

ನಮ್ಮ ಕಡೆ ಒಂದು ಪೇಜು ಇದೆ, ಫೋನಿನಲ್ಲಿ ನೋಡುವಂಥದ್ದು. ಚನ್ನಗಿರಿಯಲ್ಲಿ ಕಂಪ್ಯೂಟರ್ ಕಲಿಸುವ ಒಬ್ಬ ಮೇಷ್ಟ್ರು ಅದನ್ನು ಕಟ್ಟಿದರು. ಯಾವ ಕಂಪನಿಯದ್ದೂ ಅಲ್ಲ, ಜಾಹೀರಾತೂ ಇಲ್ಲ. ಚನ್ನಗಿರಿ, ಹೊನ್ನಾಳಿ, ನ್ಯಾಮತಿ, ಜಗಳೂರು ಈ ನಾಲ್ಕು ತಾಲ್ಲೂಕಿನ ಜನ ಬರೆಯುತ್ತಾರೆ, ನಾಲ್ಕು ತಾಲ್ಲೂಕಿನ ಜನವೇ ನೋಡಿಕೊಳ್ಳುತ್ತಾರೆ. ಅಡಿಕೆ ಧಾರಣೆ, ಬಸ್ಸಿನ ಟೈಮು, ಕಳೆದುಹೋದ ಪರ್ಸು, ಮೆಕ್ಕೆಜೋಳದ ಹುಳ, ಮಾರಾಟ, ನಿಧನ, ಎಲ್ಲದಕ್ಕೂ ಬೇರೆ ಬೇರೆ ವಿಭಾಗ. ಪ್ರತಿ ಬರಹದ ಕೆಳಗೆ ಎರಡು ಬಾಣ, ಒಂದು ಮೇಲಕ್ಕೆ, ಒಂದು ಕೆಳಕ್ಕೆ. ಒಳ್ಳೆಯದಿದ್ದರೆ ಮೇಲಕ್ಕೆ ಒತ್ತಬೇಕು. ಸುಳ್ಳಿದ್ದರೆ, ಮೋಸವಿದ್ದರೆ, ಜಾಗ ತಪ್ಪಿ ಬಂದಿದ್ದರೆ ಕೆಳಕ್ಕೆ ಒತ್ತಬೇಕು. ಕೆಳಗೆ ಒತ್ತಿದವರು ಹತ್ತು ಜನ ಹೆಚ್ಚಾದರೆ ಆ ಬರಹ ತಾನಾಗಿ ಮಡಚಿಕೊಂಡು ಒಂದು ಬೂದು ಗೆರೆಯಾಗುತ್ತದೆ. ಬೇಕಾದವರು ಗೆರೆಯನ್ನು ಒತ್ತಿ ಬಿಚ್ಚಿಕೊಂಡು ಓದಬಹುದು, ಆದರೆ ಬೂದು ಗೆರೆ ಯಾರ ಕಣ್ಣಿಗೆ ಬೀಳುತ್ತದೆ. ಒಬ್ಬರದೇ ಮೂರು ಬರಹ ಒಂದು ತಿಂಗಳಲ್ಲಿ ಮಡಚಿಕೊಂಡರೆ ಆ ಸದಸ್ಯರ ಮುಂದೆ ಕೆಂಪು ಚುಕ್ಕೆ ಬರುತ್ತದೆ. ಆಗ ಅಡ್ಮಿನ್ ಆದವರು ನೋಡಿ, ತಪ್ಪಿದ್ದರೆ ಮೂವತ್ತು ದಿನ ಅವರು ಏನೂ ಬರೆಯದ ಹಾಗೆ ಬೀಗ ಹಾಕಬಹುದು.

ಇಷ್ಟನ್ನೂ ಮೇಷ್ಟ್ರು ನಿಯಮಗಳು ಅಂತ ಬರೆದು ಪೇಜಿನ ನೆತ್ತಿಯ ಮೇಲೇ ಹಾಕಿದ್ದರು. ಯಾರೂ ಓದಲಿಲ್ಲ. ಬಾಣ ನೋಡಿ ಜನ ತಮಗೆ ತಿಳಿದ ಹಾಗೆ ಒತ್ತತೊಡಗಿದರು.

ನಮ್ಮಲ್ಲಿ ಎದುರಿಗೆ ಇಲ್ಲ ಅನ್ನುವ ಪದ್ಧತಿಯೇ ಇಲ್ಲ. ಹೆಣ್ಣು ನೋಡಲು ಹೋಗಿ ಒಪ್ಪಿಗೆಯಾಗದಿದ್ದರೂ ಉಪ್ಪಿಟ್ಟು ತಿಂದು, ಊರಿಗೆ ಹೋಗಿ ಹೇಳಿ ಕಳಿಸ್ತೀವಿ ಅಂತ ಎದ್ದು ಬರುತ್ತೇವೆ. ಅಂಥವರು ಪರಿಚಯದವರ ಬರಹಕ್ಕೆ ಕೆಳಗೆ ಒತ್ತಿಯಾರೇ. ಹೊನ್ನಾಳಿಯ ಹಿರಿಯರೊಬ್ಬರು ಶಿವಮೊಗ್ಗ ಬಸ್ಸಿನ ಟೈಮನ್ನು ಪೂರಾ ತಪ್ಪು ಹಾಕಿದ್ದರು. ಅದನ್ನು ನಂಬಿ ಬಸ್ ಸ್ಟ್ಯಾಂಡಿನಲ್ಲಿ ಕಾದು ಒಣಗಿದವರೂ ಮನೆಗೆ ಬಂದು ಮೇಲಕ್ಕೇ ಒತ್ತಿದರು, ದೊಡ್ಡವರು ಬರೆದದ್ದು ಅಂತ. ಜಗಳೂರಿನ ಒಬ್ಬಾತ ಹೊಸ ಬೈಕಿನ ಫೋಟೋ ಹಾಕಿದ. ಅದಕ್ಕೆ ಒಂದೇ ಒಂದು ಕೆಳಬಾಣ ಬಿತ್ತು. ಯಾರು ಒತ್ತಿದ್ದು ಅಂತ ಪೇಜು ಹೇಳುವುದಿಲ್ಲ, ಆದರೆ ಆತನಿಗೆ ಭಾವನ ಮೇಲೇ ಗುಮಾನಿ. ಭಾವನ ಮನೆಯ ಗೃಹಪ್ರವೇಶಕ್ಕೂ ಹೋಗಲಿಲ್ಲ. ಅಡ್ಮಿನ್‌ಗಳ ಪೈಕಿ ಅಂಗಡಿ ಇಟ್ಟುಕೊಂಡು ಕೈಗೆ ಸಿಗುವವಳು ನಾನೊಬ್ಬಳೇ ಆದ್ದರಿಂದ, ಎರಡು ಬಸ್ಸು ಬದಲಿಸಿ ನನ್ನ ಹತ್ತಿರ ಬಂದ.

"ಒತ್ತಿದೋರ ಲಿಸ್ಟು ಒಂದು ಪ್ರಿಂಟ್ ತೆಗೆದುಕೊಡ್ರಿ ಅಕ್ಕಾರೆ. ಲ್ಯಾಮಿನೇಷನ್ ಮಾಡಿದ್ರೆ ಇನ್ನೂ ಚಲೋ" ಅಂದ.

"ಲಿಸ್ಟು ಇಲ್ಲ. ಇದ್ರೂ ಕೊಡಲ್ಲ. ಹೋಗಿ ನಿಮ್ಮಕ್ಕನ ಮನೇಲಿ ಒಂದು ತುತ್ತು ಉಂಡು ಬರ್ರಿ, ಎಲ್ಲ ಸರಿಹೋಗ್ತೈತೆ" ಅಂದೆ.

ಆತ ಹೋಗುವಾಗ ನನ್ನ ಅಂಗಡಿಯ ಬೋರ್ಡಿನ ಫೋಟೋ ತೆಗೆದುಕೊಂಡು ಹೋದ. ಯಾಕೆ ಅಂತ ಇವತ್ತಿಗೂ ಗೊತ್ತಿಲ್ಲ.

ಹಾಗಾದರೆ ಕೆಳಬಾಣ ಬೀಳುತ್ತಿದ್ದದ್ದು ಯಾರಿಗೆ? ಹೊರಗಿನಿಂದ ಬಂದ, ಮುಖ ಗೊತ್ತಿಲ್ಲದ ವ್ಯಾಪಾರಿಗಳಿಗೆ. ಮಾರಾಟ ವಿಭಾಗಕ್ಕೆ ಬಂದು ಮೊಳೆಯದ ಬೀಜ, ಕೊಳೆತ ಈರುಳ್ಳಿ ಮಾರಿ ಮಾಯವಾಗುವವರಿಗೆ ನಮ್ಮ ಜನ ಧೈರ್ಯವಾಗಿ ಒತ್ತುತ್ತಿದ್ದರು. ಹೀಗಾಗಿ ಮಾರಾಟ ವಿಭಾಗದಲ್ಲಿ ಮೂರು ಬರಹ ಮಡಚಿದೆ ಅಂದರೆ ಆತ ಕಳಪೆ ಮಾಲಿನವನೇ ಅಂತ ನನ್ನ ಲೆಕ್ಕ. ಆರು ತಿಂಗಳು ಆ ಲೆಕ್ಕ ಒಂದು ಸಲವೂ ತಪ್ಪಿರಲಿಲ್ಲ.

ಅಡ್ಮಿನ್‌ಗಳು ನಾವು ನಾಲ್ಕು ಜನ. ಚನ್ನಗಿರಿಯ ಮೇಷ್ಟ್ರು, ಹೊನ್ನಾಳಿಯಿಂದ ಸಸಿ ಬೆಳೆಸಿ ಮಾರುವ ಒಬ್ಬರು, ಜಗಳೂರಿನಿಂದ ರಿಟೈರಾದ ಬಸ್ ಕಂಡಕ್ಟರ್ ಒಬ್ಬರು, ನ್ಯಾಮತಿಗೆ ನಾನು. ವಾರಕ್ಕೊಬ್ಬರ ಪಾಳಿ. ಕೆಂಪು ಚುಕ್ಕೆಯ ಪಟ್ಟಿಯಲ್ಲಿ ಹೆಸರು ಕಾಣಿಸುವುದಿಲ್ಲ, ಸದಸ್ಯರ ನಂಬರು ಮಾತ್ರ. ನಮ್ಮವರು ತಮ್ಮವರು ಅಂತ ಮುಲಾಜು ಮಾಡಬಾರದು ಅಂತ ಮೇಷ್ಟ್ರೇ ಹಾಗೆ ಮಾಡಿದ್ದು. ಚುಕ್ಕೆ ಒತ್ತಿದರೆ ಆ ಮೂರು ಬರಹ ತೆರೆದುಕೊಳ್ಳುತ್ತವೆ, ಪಕ್ಕದಲ್ಲೇ ಬೀಗದ ಗುಂಡಿ ಇರುತ್ತದೆ. ಓದದೆಯೂ ಬೀಗ ಹಾಕಬಹುದು. ಹಾಗೆ ಯಾರೂ ಮಾಡುವುದಿಲ್ಲ ಅಂತ ಮೇಷ್ಟ್ರು ನಂಬಿದ್ದರು.

ಬೀಗ ಬಿದ್ದವರಿಗೆ ಏನಂತ ಬರೆದು ಕಳಿಸಬೇಕು ಎಂಬ ವಿಷಯಕ್ಕೆ ಚನ್ನಗಿರಿಯಲ್ಲಿ ಒಂದು ಮೀಟಿಂಗ್ ಆಯಿತು. ಮೀಟಿಂಗ್ ಅಂದರೆ ಬಸ್ ಸ್ಟ್ಯಾಂಡ್ ಹತ್ತಿರದ ಹೋಟೆಲಿನಲ್ಲಿ ಮಂಡಕ್ಕಿ, ಮೆಣಸಿನಕಾಯಿ ಬಜ್ಜಿ ಮುಂದಿಟ್ಟುಕೊಂಡು ನಾಲ್ಕು ಜನ ಒಟ್ಟಿಗೆ ಮಾತಾಡುವುದು. ಯಾಕೆ ಬೀಗ ಹಾಕಿದೆವು ಅಂತ ಕಾರಣ ಬರೆಯಬೇಕು ಎಂದು ಮೇಷ್ಟ್ರು ಹಟ ಹಿಡಿದರು. ಕಂಡಕ್ಟರೂ ಅವರ ಕಡೆಗೇ.

"ನಾನು ಟಿಕೆಟ್ ಇಲ್ದೋರ್ನ ನಡುದಾರೀಲಿ ಇಳಿಸಿದೀನಮ್ಮ. ಆದ್ರೆ ಯಾಕೆ ಇಳಿಸ್ತಾ ಇದೀನಿ ಅಂತ ಹೇಳೇ ಇಳಿಸ್ತಿದ್ದೆ" ಅಂದರು.

"ಕಾರಣ ಹೇಳಿದ್ರೆ ಅಲ್ಲಿಂದ ಶುರು ಆಗ್ತೈತೆ ಸಾರ್. ನಾನು ಹಂಗಲ್ಲ, ಹಿಂಗೆ, ನಿಮಗ್ಯಾರು ಹೇಳಿದ್ರು ಅಂತ ವಾದ ಮಾಡಾಕೆ ಬರ್ತಾರೆ. ಬರೋದು ನಿಮ್ಮ ಮನೆಗಲ್ಲ, ನನ್ನ ಅಂಗಡಿಗೆ" ಅಂದೆ.

"ಕಾರಣ ಹೇಳ್ಲಿಲ್ಲ ಅಂದ್ರೆ ಅವರೇ ಏನೋ ಒಂದು ಕಾರಣ ಹುಡುಕ್ಕಂತಾರೆ ಮೇಡಂ" ಅಂತ ಮೇಷ್ಟ್ರು ಮೆಲ್ಲಗೆ ಅಂದರು.

"ಹುಡುಕ್ಕಳ್ಳಿ ಬಿಡ್ರಿ, ಅವರಿಗೂ ಟೈಂಪಾಸ್ ಆಗ್ತೈತೆ" ಅಂದೆ. ಹೊನ್ನಾಳಿಯವರು ಜೋರಾಗಿ ನಕ್ಕರು. ನಗಿಸಿದವರೇ ಗೆಲ್ಲುವುದು ನಮ್ಮ ಮೀಟಿಂಗಿನ ಪದ್ಧತಿ, ಹಾಗಾಗಿ ನಾನು ಗೆದ್ದೆ. ಸಂದೇಶವನ್ನು ಅಲ್ಲೇ, ಬಜ್ಜಿಯ ಎಣ್ಣೆ ಕೈ ಒರೆಸಿಕೊಂಡು, ನಾನೇ ಟೈಪ್ ಮಾಡಿದೆ. 'ಮೂವತ್ತು ದಿನ ನೀವು ಇಲ್ಲಿ ಏನೂ ಬರೆಯುವಂತಿಲ್ಲ. ದಯವಿಟ್ಟು ಸಹಕರಿಸಿ. ಇಂತಿ, ಸಮಿತಿ.' ಎಷ್ಟು ಚೊಕ್ಕಟವಾಗಿದೆ ಅಂತ ನನ್ನ ಬೆನ್ನು ನಾನೇ ತಟ್ಟಿಕೊಂಡೆ. ಈಗ ಆ ಸಂದೇಶ ಇಲ್ಲ, ಕಾರಣ ಬರೆಯದೆ ಬೀಗದ ಗುಂಡಿ ಒತ್ತಲು ಬರುವುದೂ ಇಲ್ಲ. ಆದರೆ ಅದೆಲ್ಲ ಆದದ್ದು ಆಮೇಲೆ.

ಇನ್ನು ರೊಟ್ಟಿಯಾಕೆಯ ವಿಷಯ. ಪೇಜಿನಲ್ಲಿ ಆಕೆಯನ್ನು ಎಲ್ಲರೂ ರೊಟ್ಟಿಯಕ್ಕ ಅನ್ನುತ್ತಿದ್ದರು. ನಲವತ್ತರ ಆಸುಪಾಸಿನ ಹೆಂಗಸು. ಸಾಸ್ವೆಹಳ್ಳಿಯ ಮನೆಯಲ್ಲಿ ಅತ್ತೆ, ಸೊಸೆ ಇಬ್ಬರೂ ಕೂತು ಜೋಳದ ರೊಟ್ಟಿ ಬಡಿಯುತ್ತಿದ್ದರು. ಸೋಮವಾರ ಸೋಮವಾರ ಮಾರಾಟ ವಿಭಾಗದಲ್ಲಿ ಎರಡು ಸಾಲು ಬರೆಯುವಳು, ಗುರುವಾರ ಬಸ್ಸಿನಲ್ಲಿ ಚೀಲ ತಂದು ನ್ಯಾಮತಿಯಲ್ಲಿ ಹಂಚುವಳು. ಆಕೆಯ ಎರಡು ಸಾಲು ಓದಲೆಂದೇ ರೊಟ್ಟಿ ತಿನ್ನದವರೂ ಬರುತ್ತಿದ್ದರು. 'ಈ ವಾರ ರೊಟ್ಟಿ ಸ್ವಲ್ಪ ದಪ್ಪ ಆಗ್ಯಾವೆ, ನಾನೂ ಆಗೀನಿ' ಅಂತ ಒಂದು ಸಲ ಬರೆದಿದ್ದಳು. ನಮ್ಮತ್ತೆ ಫೋನು ಒತ್ತಲು ಕಲಿತದ್ದೇ ಆಕೆಯ ಬರಹ ನೋಡಲಿಕ್ಕೆ. ನಾನು ಹೇಳಿದ ಮಾತು ಒಂದೂ ಕೇಳದ ನಮ್ಮತ್ತೆ ರೊಟ್ಟಿಯಾಕೆ ಹೇಳಿದಳು ಅಂತ ಮೆಂತ್ಯ ನೆನೆಸಿ ಕುಡಿಯತೊಡಗಿದರು.

ಪಕ್ಕದ ಮಳಿಗೆ ಖಾಲಿಯಾದಾಗ ಆಕೆಗೆ ಹೇಳಿದವಳು ನಾನೇ. ಬಂದು ನೋಡಿದಳು, ಗೋಡೆ ಮುಟ್ಟಿ ಮುಟ್ಟಿ ನೋಡಿದಳು. ಒಲೆ ಎಲ್ಲಿ ಇಡೋದು, ಹೊಗೆ ಎಲ್ಲಿಂದ ಹೋಗಬೇಕು ಅಂತ ಒಬ್ಬಳೇ ಮಾತಾಡಿಕೊಂಡಳು. "ಇಪ್ಪತ್ತು ವರ್ಷದಿಂದ ಮನೆ ಮೂಲೇಲಿ ಕುಂತು ಬಡಿದೀನಕ್ಕ. ಒಂದು ಸಲ ನಮ್ಮದೇ ಬೋರ್ಡಿನ ಕೆಳಗೆ ಕುಂತು ಬಡೀಬೇಕು ಅಂತ ಆಸೆ. ನಮ್ಮತ್ತೇನೂ ಕರ್ಕಂಡು ಬಂದು ಮುಂದಿನ ಕುರ್ಚೀಲಿ ಕುಂಡ್ರಿಸ್ತೀನಿ" ಅಂದಳು. ಮಾಲೀಕರ ಹತ್ತಿರ ಮಾತಾಯಿತು, ಕೀಲಿಕೈ ಆಕೆಯ ಕೈಗೆ ಬಂತು. ಸುಣ್ಣ ಹೊಡೆಸಿದಳು, ಹಂಚು, ರೊಟ್ಟಿ ಬಡಿಯುವ ಹಲಗೆ, ಎರಡು ಬೆಂಚು ತಂದಿಟ್ಟಳು. ತೆರೆಯುವ ದಿನವನ್ನು ಪೇಜಿನಲ್ಲಿ ಹೇಳುತ್ತೇನೆ, ಜನ ಅಲ್ಲಿಂದಲೇ ತಾನೇ ಬರಬೇಕು ಅಂದಳು. ನಾನೂ ಮಧ್ಯಾಹ್ನದ ಡಬ್ಬಿ ತರುವುದನ್ನು ನಿಲ್ಲಿಸುವ ಯೋಚನೆಯಲ್ಲಿದ್ದೆ.

ಅಷ್ಟರಲ್ಲಿ ಯಾವುದೋ ಅರ್ಜಿಯ ಕೊನೆಯ ವಾರ ಬಂತು. ಸರ್ವರ್ ಒಂದು ಗಂಟೆ ಇದ್ದರೆ ಎರಡು ಗಂಟೆ ಇಲ್ಲ. ಜನ ಶಟರ್ ಹಿಡಿದು ನಿಂತಿದ್ದರು, ನನಗೆ ನೀರು ಕುಡಿಯಲೂ ಪುರುಸೊತ್ತಿಲ್ಲ. ಪೇಜಿನಲ್ಲೂ ಅದೇ ವಾರ ನನ್ನ ಪಾಳಿ. ಶುಕ್ರವಾರ ಮನೆಗೆ ಹೋದಾಗ ನಮ್ಮತ್ತೆ, "ರೊಟ್ಟಿಯಾಕಿ ಅತ್ತೆ ತೀರ್ಕಂಡ್ರಂತೆ ಕಣೆ, ಪಾಪ" ಅಂದರು. ಯಾರು ಹೇಳಿದರು ಅಂದೆ. ಪೇಜಿನಾಗೆ ಬಂದೈತೆ ಅಂದರು. ನಿಧನ ವಿಭಾಗ ತೆಗೆದು ನೋಡಿದೆ, ಅಲ್ಲೇನೂ ಇರಲಿಲ್ಲ. ನಾಳೆ ವಿಚಾರಿಸೋಣ ಅಂತ ಬಿಟ್ಟೆ.

ಶನಿವಾರ ಬೆಳಗ್ಗೆ ಕೌಂಟರಿನ ಮುಂದೆ ಹನ್ನೆರಡು ಜನ ನಿಂತಿದ್ದಾಗ ಫೋನಿನಲ್ಲಿ ಕೆಂಪು ಚುಕ್ಕೆ ಬಂತು. ಮಾರಾಟ ವಿಭಾಗ, ಒಂದೇ ವಾರದಲ್ಲಿ ಮೂರು ಬರಹ ಮಡಚಿದೆ, ಮೂರನೆಯದಕ್ಕೆ ಅರವತ್ತರ ಹತ್ತಿರ ಕೆಳಬಾಣ. ಪೇಜಿನ ಚರಿತ್ರೆಯಲ್ಲೇ ಅಷ್ಟು ಯಾರಿಗೂ ಬಿದ್ದಿರಲಿಲ್ಲ. ಎಂಥ ಕಳ್ಳನೋ ಇವನು ಅಂದುಕೊಂಡೆ. ಒಂದು ಕೈಯಲ್ಲಿ ಯಾರದೋ ಆಧಾರ್ ಕಾರ್ಡು ಇತ್ತು. ಇನ್ನೊಂದು ಕೈಯ ಹೆಬ್ಬೆರಳಿನಲ್ಲಿ ಬೀಗ ಒತ್ತಿ, ಫೋನು ಮಗುಚಿಟ್ಟು, ಮುಂದಿನವರು ಬರ್ರಿ ಅಂದೆ.

ಹನ್ನೊಂದು ದಿನ ಕಳೆಯಿತು. ಸಾವಿನ ಮನೆಗೆ ಹೋಗಿ ಮಾತಾಡಿಸಿಕೊಂಡು ಬರಬೇಕಿತ್ತು, ಅರ್ಜಿಗಳ ಗಲಾಟೆಯಲ್ಲಿ ಹೋಗಲಿಲ್ಲ. ಸೂತಕ ಕಳೆದ ಮೇಲೆ ಬಂದು ಅಂಗಡಿ ತೆಗೆಯುತ್ತಾಳೆ, ಆಗ ಮಾತಾಡಿಸಿದರಾಯಿತು ಅಂತ ಇದ್ದೆ. ಬರಲಿಲ್ಲ. ಪೇಜಿನಲ್ಲಿ ಜನ, ರೊಟ್ಟಿಯಕ್ಕ ಎಲ್ಲಿ, ಅಂಗಡಿ ಯಾವಾಗ ಅಂತ ಕೇಳುತ್ತಿದ್ದರು. ಉತ್ತರವೂ ಇಲ್ಲ. ಹೊಸ ಸುಣ್ಣದ ಮಳಿಗೆಯ ಶಟರ್ ಮೇಲೆ ಧೂಳು ಕೂತಿತು. ನನಗೆ ಮೊದಲು ಪಾಪ ಅನ್ನಿಸಿತು, ಆಮೇಲೆ ಬೇಸರವಾಯಿತು, ಹದಿನೈದನೆಯ ದಿನದ ಹೊತ್ತಿಗೆ ಸಿಟ್ಟೇ ಬಂತು. ಮಳಿಗೆ ಕೊಡಿಸಿದವಳು ನಾನು, ಒಂದು ಫೋನು ಮಾಡಬಾರದೇ ಈಕೆ. ನಾನೇ ಯಾಕೆ ಮಾಡಲಿಲ್ಲ ಅಂತ ಕೇಳಿದರೆ, ಮಾಡಲಿಲ್ಲ, ಅಷ್ಟೇ.

ಮಳಿಗೆ ಮಾಲೀಕರು ಒಳ್ಳೆಯವರು. ಎದುರು ಸಾಲಿನಲ್ಲಿ ಅವರದೊಂದು ಬಟ್ಟೆ ಅಂಗಡಿ. ಒಂದು ಮಧ್ಯಾಹ್ನ ಬಂದು ನನ್ನ ಸ್ಟೂಲಿನ ಮೇಲೆ ಕೂತರು.

"ಫೋನ್ ಮಾಡಿದ್ದೆ ಕಣಮ್ಮ ಆಯಮ್ಮನಿಗೆ. ಇನ್ನೂ ಸೂತ್ಕ ಐತೆ, ತಿಂಗಳು ತುಂಬ್ಲಿ ಅಂತಾರೆ. ಹನ್ನೊಂದು ದಿನಕ್ಕಿಂತ ಹೆಚ್ಗೆ ಯಾವ ಸೂತ್ಕ? ನಾನಂತೂ ಕೇಳಿಲ್ಲ. ಮೊಬೈಲ್ ಕವರ್ ಹಾಕೋರು ಒಬ್ರು ದಿನಾ ಬಂದು ಕುಂತ್ಕಂತಾರೆ, ನಾಳೆನೇ ತೆಗೀತೀನಿ ಅಂತಾರೆ. ನಿಮ್ಮ ಕಡೆಯೋರು ಅಂತ ನಿಮ್ಮನ್ನ ಒಂದು ಮಾತು ಕೇಳಾಕೆ ಬಂದೆ" ಅಂದರು.

ನಾನು ಕೂಡಲೇ, "ಮನಸ್ಸಿಲ್ದೋರು ನೂರು ನೆಪ ಹೇಳ್ತಾರೆ. ಕೊಟ್ಟುಬಿಡ್ರಿ ಅವರಿಗೇ" ಅಂದೆ. ಹೇಳಿದ ಮೇಲೆ ಮನಸ್ಸು ಹಗುರವಾಯಿತು. ಸಿಟ್ಟಿನ ಮಾತು ಬಾಯಿಂದ ಹೊರಗೆ ಬಿದ್ದರೆ ನನಗೆ ಯಾವಾಗಲೂ ಹಾಗೇ ಆಗುತ್ತದೆ. ಮಾಲೀಕರು ತಲೆ ಆಡಿಸಿ ಎದ್ದು ಹೋದರು.

ಮೂರು ದಿನದ ಮೇಲೆ ರೊಟ್ಟಿಯಾಕೆ ಬಂದಳು. ಸಾಮಾನು ತೆಗೆದುಕೊಂಡು ಹೋಗಲು ಬಂದಿದ್ದಳು. ಬೆಂಚು ಎರಡನ್ನೂ ಊರ ಕಡೆಯ ಯಾರದೋ ಗಾಡಿಗೆ ಹಾಕಿ ಕಳಿಸಿ, ಹಂಚು ಹಲಗೆ ಚೀಲದಲ್ಲಿಟ್ಟುಕೊಂಡು ನನ್ನ ಅಂಗಡಿಗೆ ಹತ್ತಿದಳು. ಕಣ್ಣು ಸೊರಗಿತ್ತು, ಮುಖದಲ್ಲಿ ಮಾತ್ರ ಮುನಿಸು ಇರಲಿಲ್ಲ. ಅವತ್ತು ಅಂಗಡಿಯಲ್ಲಿ ಜನವೂ ಇರಲಿಲ್ಲ. ನೀರು ಕೊಟ್ಟೆ. ಅತ್ತೆಯ ಬಗ್ಗೆ ಎರಡು ಮಾತು ಕೇಳಿ, ಆಮೇಲೆ ತಡೆಯಲಾರದೆ ಕೇಳಿಯೇಬಿಟ್ಟೆ.

"ಯಾಕ್ರೀ ಹಿಂಗೆ ಮಾಡಿದ್ರಿ? ಹನ್ನೊಂದು ದಿನ ಆದ್ಮೇಲೆ ಬಾಗ್ಲು ತೆಗೆದಿದ್ರೆ ಆಗಿರೋದು. ಮಾಲೀಕರು ಎಷ್ಟು ದಿನ ಅಂತ ಕಾಯ್ತಾರೆ."

"ಮಾಲೀಕರ್ದು ತಪ್ಪಿಲ್ಲ ಬಿಡಕ್ಕ" ಅಂದಳು. "ಮನೇಲಿ ಹನ್ನೊಂದಕ್ಕೇ ಎಲ್ಲ ಮುಗಿಸಿದ್ವಿ. ಆದ್ರೆ ನೀವು ಸಮಿತಿಯೋರು ತಿಂಗಳು ಹಿಡಿದ್ರಲ್ಲ."

"ನಾವು ಏನು ಹಿಡಿದ್ವಿ?"

"ಸೂತ್ಕ" ಅಂದಳು.

ನನಗೆ ಅರ್ಥವಾಗಲಿಲ್ಲ. ಆಕೆ ಚೀಲದಿಂದ ಫೋನು ತೆಗೆದು, ಜೋಪಾನವಾಗಿ ಸೆರಗಿನಲ್ಲಿ ಒರೆಸಿ, ನನ್ನ ಮುಂದೆ ಹಿಡಿದಳು. 'ಮೂವತ್ತು ದಿನ ನೀವು ಇಲ್ಲಿ ಏನೂ ಬರೆಯುವಂತಿಲ್ಲ. ದಯವಿಟ್ಟು ಸಹಕರಿಸಿ. ಇಂತಿ, ಸಮಿತಿ.' ನನ್ನದೇ ವಾಕ್ಯ.

"ನಮ್ಮತ್ತೆ ಹೋದ ಮಾರನೇ ದಿನಾನೇ ಬಂತಕ್ಕ ಇದು. ನಾನು ಓದಿ ಅತ್ತುಬಿಟ್ಟೆ. ನಮ್ಮ ನಂಟ್ರೇ ಮೂರನೇ ದಿನಕ್ಕೆ ಎದ್ದು ಹೋದ್ರು. ಮಣ್ಣಿಗೆ ಬಂದಿದ್ದು ಇಪ್ಪತ್ತು ಜನ ಇಲ್ಲ. ಇಲ್ಲಿ ನೋಡಿದ್ರೆ ಅರವತ್ತು ಜನ ಒತ್ಯಾರೆ, ತಲೆ ತಗ್ಗಿಸಿ. ಮ್ಯಾಲೆ ನೀವು ತಿಂಗಳು ಸೂತ್ಕ ಹಾಕಿದ್ರಿ. ನೀವೆಲ್ಲ ಅಷ್ಟು ಹಿಡಿದ ಮೇಲೆ ಮನೆ ಸೊಸೆ ನಾನು ಹನ್ನೊಂದಕ್ಕೇ ಬಾಗ್ಲು ತೆಗೆದು ಕಾಯಿ ಒಡೆದ್ರೆ ಚೆನ್ನಾಗಿರ್ತಿತ್ತಾ? ಅದಕ್ಕೇ ನಾನೂ ತಿಂಗಳು ಅಂತ ಕುಂತೆ. ನಿಮಗೊಂದು ಮಾತು ಹೇಳಿ ಹೋಗೋಣ ಅಂತ ಬಂದೆ. ದೊಡ್ಡ ಮನಸ್ಸು ಮಾಡಿದ್ರಿ."

ಆ ಶನಿವಾರದ ಕೆಂಪು ಚುಕ್ಕೆ ನೆನಪಾಯಿತು. ಆದರೂ ನನ್ನ ಬುದ್ಧಿ ಅಲ್ಲಿಗೇ ನಿಲ್ಲಲಿಲ್ಲ, ಇರಲಾರದು, ಬೇರೆ ಏನೋ ಇರಬೇಕು ಅಂತ ಹುಡುಕಿತು. ಒಂದು ನಿಮಿಷ ಅಂದು ಹೊರಗೆ ಬಂದು ಮನೆಗೆ ಫೋನು ಮಾಡಿದೆ.

"ಅತ್ತೆ, ಆ ರೊಟ್ಟಿಯಾಕಿ ಅತ್ತೆ ತೀರ್ಕಂಡ ಸುದ್ದಿಗೆ ನೀವು ಏನು ಒತ್ತಿದ್ರಿ?"

"ಕೆಳಗಿಂದು."

"ಯಾಕೆ?"

"ಯಾಕೆ ಅಂದ್ರೆ? ಸತ್ತ ಸುದ್ದಿಗೆ ಯಾರಾದ್ರೂ ಮ್ಯಾಲೆ ಒತ್ತುತಾರಾ? ಚಲೋ ಆತು ಅಂದಂಗಾಗಲ್ವಾ? ಆಯಮ್ಮ ಹುಷಾರಿಲ್ಲ ಅಂತ ಬರೆದಾಗ್ಲೂ ಕೆಳಗಿಂದೇ ಒತ್ತಿದ್ದೆ, ಆಸ್ಪತ್ರೆಗೆ ಹಾಕಿದ್ರು ಅಂದಾಗ್ಲೂ. ನಿಂಗೆ ಅಷ್ಟೂ ತಿಳಿಯಲ್ವಾ?" ಅಂದರು ನಮ್ಮತ್ತೆ.

ನಿಧನ ವಿಭಾಗದಲ್ಲಿ ಬಾಣಗಳೇ ಇಲ್ಲ, ಮುಗಿದ ಕೈ ಮಾತ್ರ ಇದೆ. ಆದರೆ ರೊಟ್ಟಿಯಾಕೆ ಬರೆದದ್ದು ತಾನು ಸದಾ ಬರೆಯುವ ಜಾಗದಲ್ಲಿ, ತನ್ನ ಗಿರಾಕಿಗಳು ಇರುವ ಮಾರಾಟ ವಿಭಾಗದಲ್ಲಿ. ಅಲ್ಲಿ ಇದ್ದದ್ದು ಎರಡೇ ಬಾಣ. ಆಕೆಯ ಮೇಲೆ ಜೀವ ಇಟ್ಟುಕೊಂಡ ಅರವತ್ತು ಜನ, ಬೂದು ಗೆರೆಯನ್ನೂ ಬಿಚ್ಚಿ ಓದಿ, ಇದ್ದುದರಲ್ಲಿ ಮರ್ಯಾದೆಯದನ್ನು ಹುಡುಕಿ ಒತ್ತಿದ್ದರು. ಅದನ್ನು ಓದದೆ ಬೀಗ ಹಾಕಿದವಳು ನಾನೊಬ್ಬಳು.

ಒಳಗೆ ಬಂದು ಆಕೆಯ ಎದುರು ಸ್ಟೂಲು ಎಳೆದುಕೊಂಡು ಕೂತೆ. ಸುಮ್ಮನಿದ್ದುಬಿಡಬಹುದಿತ್ತು. ಆಕೆ ಕೃತಜ್ಞತೆ ಹೇಳಿ ಹೊರಟಿದ್ದಳು, ನಾನು ಆಗಲಿ ಅಂದು ಕಳಿಸಬಹುದಿತ್ತು. ಹಾಗೆ ಮಾಡುವುದು ಆಕೆಗೂ ಒಳ್ಳೆಯದೇ ಅಂತ ಒಂದು ಗಳಿಗೆ ನನಗೆ ನಾನೇ ಹೇಳಿಕೊಂಡೆ. ನಾಚಿಕೆಯಾಯಿತು.

"ಅದು ಸೂತ್ಕ ಅಲ್ಲ ಕಣವ್ವ" ಅಂದೆ. "ಅದು ಮೋಸ ಮಾಡೋರಿಗೆ ಹಾಕೋ ಬೀಗ. ಕೆಳಗೆ ಒತ್ತಿದ್ರೆ ಕೆಟ್ಟದ್ದು ಅಂತ ಪೇಜಿನ ನಿಯಮ. ಮೂರು ಸಲ ಮಡಚಿಕಂಡಿದ್ದಕ್ಕೆ ನಿಮ್ಮ ನಂಬರ್ ನನ್ನ ಮುಂದೆ ಬಂತು. ನೀವು ಅಂತ ಗೊತ್ತಿರಲಿಲ್ಲ. ಬೀಗ ಹಾಕಿದ್ದು ನಾನು. ಮಳಿಗೆ ಬೇರೆಯೋರಿಗೆ ಕೊಟ್ಟುಬಿಡ್ರಿ ಅಂತ ಮಾಲೀಕರಿಗೆ ಹೇಳಿದ್ದೂ ನಾನೇ."

ಆಕೆ ಫೋನನ್ನೇ ನೋಡುತ್ತಿದ್ದಳು. ಬೈಯಲಿ ಅಂತ ಕಾದೆ.

"ಹಂಗಾದ್ರೆ ಸೂತ್ಕ ಯಾರೂ ಹಿಡಿದಿರಲಿಲ್ಲ" ಅಂದಳು.

"ಇಲ್ಲ."

"ಅರವತ್ತು ಜನ ಒತ್ತಿದ್ದು?"

"ಅದು ನಿಜ. ನಮ್ಮತ್ತೇನೂ ಒತ್ಯಾರೆ, ಈಗ ಕೇಳಿದೆ. ಅವರೆಲ್ಲ ನಿಮ್ಮ ಸಂಕಟಕ್ಕೇ ಒತ್ತಿದ್ದು. ತಪ್ಪು ತಿಳ್ಕಂಡಿದ್ದು ಮೊದ್ಲು ಮೆಷಿನ್ನು, ಆಮೇಲೆ ನಾನು."

"ಮೆಷಿನ್ನಿಗೇನು ಬಿಡ್ರಿ, ಅದಕ್ಕೆ ಕಣ್ಣಿಲ್ಲ" ಅಂದಳು. ಆಮೇಲೆ ಮೊದಲ ಸಲ ನನ್ನ ಮುಖ ನೋಡಿದಳು. "ನೀವು ಓದ್ಲಿಲ್ಲೇನಕ್ಕ?"

"ಓದ್ಲಿಲ್ಲ."

"ಒಂದೂ?"

"ಒಂದೂ ಓದ್ಲಿಲ್ಲ."

ಕ್ಷಮಿಸ್ರಿ ಅಂದೆ. ಈಗಲೇ ಬೀಗ ತೆಗೀತೀನಿ, ಪೇಜಿನಲ್ಲಿ ನನ್ನ ತಪ್ಪು ಅಂತ ಬರೀತೀನಿ, ಮಾಲೀಕರ ಕಾಲು ಹಿಡಿದಾದರೂ ಕೇಳ್ತೀನಿ ಅಂದೆ. ಮಾಲೀಕರು ಮಾತು ಕೊಟ್ಟಾಗಿತ್ತು, ಮೊಬೈಲ್ ಕವರಿನವರು ಆಗಲೇ ಪಕ್ಕದ ಗೋಡೆಗೆ ಮೊಳೆ ಹೊಡೆಯುತ್ತಿದ್ದರು. ಆ ಸದ್ದು ನಮ್ಮಿಬ್ಬರಿಗೂ ಕೇಳುತ್ತಿತ್ತು. ಆಕೆ ಗೋಡೆಯ ಗಡಿಯಾರ ನೋಡಿದಳು. ಫೋನಿನಲ್ಲಿ ಏನೋ ಒತ್ತಿ, ನನ್ನ ಕೌಂಟರಿನ ಮೇಲೆ, ಜನ ಅರ್ಜಿ ಇಡುವ ಜಾಗದಲ್ಲಿ ಇಟ್ಟಳು.

"ಬಸ್ಸು ಬರಾಕೆ ಇನ್ನೂ ಟೈಮೈತೆ. ಈಗ ಓದ್ರಿ" ಅಂದಳು.

ಆಕೆಯ ಎದುರೇ ಓದಿದೆ. ಮೊದಲನೆಯದರಲ್ಲಿ ಅತ್ತೆಗೆ ಹುಷಾರಿಲ್ಲ, ಈ ವಾರ ರೊಟ್ಟಿ ಇಲ್ಲ, ಬೇಜಾರಾಗಬೇಡಿ ಅಂತಿತ್ತು. ಎರಡನೆಯದರಲ್ಲಿ ಆಸ್ಪತ್ರೆಗೆ ಸೇರಿಸಿದ್ದೀವಿ, ಕಣ್ಣು ಬಿಟ್ಟಾಗೆಲ್ಲ ಹಂಚು ಕಾದೈತಾ ಅಂತ ಕೇಳುತ್ತಾರೆ ಅಂತಿತ್ತು. ಮೂರನೆಯದು ಹೀಗಿತ್ತು:

'ನಮ್ಮತ್ತೆ ಬೆಳಗ್ಗೆ ಹೋದ್ರು. ಮಣ್ಣು ಸಂಜೆ ನಾಕಕ್ಕೆ. ನಂಗೆ ರೊಟ್ಟಿ ಬಡಿಯಾಕೆ ಕಲ್ಸಿದ್ದು ಅವ್ರೇ. ಹೊಸದಾಗಿ ಬಂದಾಗ ನಾನು ಬಡಿದು ಹರಿದಿದ್ದನ್ನೆಲ್ಲ ಯಾರಿಗೂ ತೋರಿಸ್ದೆ ತಾವೇ ತಿಂದ್ರು. ಅಂಗಡಿಗೆ ಅವ್ರ ಹೆಸ್ರೇ ಇಡ್ತೀನಿ. ಬಾಗ್ಲು ತೆಗೆಯೋ ದಿನ ಇಲ್ಲೇ ಬರೀತೀನಿ, ಎಲ್ಲಾರೂ ಬರ್ರಿ.'